ಸ್ಪ್ರಿಂಗ್‌ಸ್ಟೀನ್ ಕಾರ್ಯಕ್ರಮಕ್ಕೆ ಮೊದಲ ಸಲ ಹೋಗೋರಿಗೆ

ಗೆಳೆಯರೇ, ಅಮೆರಿಕದ ರಾಕ್ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಅವರನ್ನು ಮೊದಲ ಸಲ ನೋಡೋಕೆ ಹೋಗೋರು ಒಂದು ವಿಷಯ ನೆನಪಿಟ್ಟುಕೊಳ್ಳಿ. ಬ್ಯಾಂಡಿನವರು ವೇದಿಕೆ ಇಳಿದ ಕೂಡಲೇ ಪಾರ್ಕಿಂಗ್ ಕಡೆ ಓಡಬೇಡಿ. 2023ರಿಂದ 2025ರವರೆಗಿನ ಪ್ರವಾಸದಲ್ಲಿ ಎಷ್ಟೋ ರಾತ್ರಿ, ಎಲ್ಲರೂ ಒಳಗೆ ಹೋದ ಮೇಲೆ ಅವರೊಬ್ಬರೇ ಅಕೌಸ್ಟಿಕ್ ಗಿಟಾರ್ ಹಿಡಿದು ನಿಂತು, ಅಗಲಿದವರನ್ನು ನೆನೆಯುವ ಹಾಡು ಹಾಡಿ ಮುಗಿಸಿದ್ದಾರೆ. ಟ್ರಾಫಿಕ್ ತಪ್ಪಿಸಿಕೊಳ್ಳೋ ಆತುರಕ್ಕೆ ಅದನ್ನು ಬಿಟ್ಟು ಬರೋದು ದೊಡ್ಡ ನಷ್ಟ.

1949ರಲ್ಲಿ ಹುಟ್ಟಿದವರು, ಈಗಲೂ ಹೆಚ್ಚುಕಡಿಮೆ ಮೂರು ಗಂಟೆ ಹಾಡ್ತಾರೆ. ಸಾಮಾನ್ಯವಾಗಿ ಮಧ್ಯೆ ಬಿಡುವು ಇರಲ್ಲ, ಮುಂಚೆ ಬೇರೆ ತಂಡವೂ ಇರಲ್ಲ. ಊಟ, ಶೌಚ ಎಲ್ಲ ಮೊದಲೇ ಮುಗಿಸಿ. ನಿಂತು ನೋಡೋ ಟಿಕೆಟ್ ಆದರೆ ಮೆತ್ತನೆ ಶೂ ಹಾಕಿ. ಕಿವಿಗೆ ಇಯರ್‌ಪ್ಲಗ್ ಬೇಕೇ ಬೇಕು, ಮಕ್ಕಳಿದ್ದರಂತೂ ಮರೆಯಲೇಬೇಡಿ.

ಒಂದು ಹಾಡಿನ ನಡುವೆ ಪರದೆ ಮೇಲೆ ಅವರ ಬ್ಯಾಂಡಿನಲ್ಲಿದ್ದ ಕ್ಲಾರೆನ್ಸ್ ಕ್ಲೆಮನ್ಸ್ ಮತ್ತು ಡ್ಯಾನಿ ಫೆಡೆರಿಚಿ ಅವರ ಹಳೇ ದೃಶ್ಯಗಳು ಬರುತ್ತವೆ. ಇಬ್ಬರೂ ಈಗಿಲ್ಲ; ಡ್ಯಾನಿ 2008ರಲ್ಲಿ, ಕ್ಲಾರೆನ್ಸ್ 2011ರಲ್ಲಿ ತೀರಿಕೊಂಡರು. ಕೆಳಗೆ ವೇದಿಕೆ ಮೇಲೆ ಸ್ಯಾಕ್ಸೋಫೋನ್ ಊದುತ್ತಿರೋದು ಕ್ಲಾರೆನ್ಸ್ ಅವರ ಸಹೋದರನ ಮಗ ಜೇಕ್. ಆಗ ದಯವಿಟ್ಟು ಫೋನ್ ಜೇಬಿಗಿಟ್ಟು, ಸುತ್ತ ನಿಂತಿರೋ ಹಳೇ ಅಭಿಮಾನಿಗಳ ಮುಖ ನೋಡಿ. ನನಗೆ ಇಡೀ ಕಾರ್ಯಕ್ರಮದಲ್ಲಿ ಅದಕ್ಕಿಂತ ದೊಡ್ಡ ಗಳಿಗೆ ಇಲ್ಲ.

ಅಂದಹಾಗೆ, ನ್ಯೂಜೆರ್ಸಿ ಕನ್ನಡಿಗರೇ, ನಮ್ಮ ಮೆಟ್‌ಲೈಫ್ ಥರದ ಫುಟ್‌ಬಾಲ್ ಸ್ಟೇಡಿಯಂಗಳಿಗೆ ಸಾಮಾನ್ಯವಾಗಿ ಪಾರದರ್ಶಕ ಚೀಲವೇ ಬೇಕು. ಅಳತೆಯನ್ನು ಸ್ಟೇಡಿಯಂ ವೆಬ್‌ಸೈಟಿನಲ್ಲಿ ನೋಡಿಕೊಂಡೇ ಹೊರಡಿ.