ಟೇಬಲ್ ಬಿಟ್ಟು ಸಿಎಸ್‌ಎಸ್‌ನಲ್ಲಿ ಪುಟ ಕಟ್ಟಲು ಕಲಿತದ್ದು: ನನ್ನ ಅನುಭವ

ಮುಂಬೈ ಬಳಿಯ ಡೊಂಬಿವಲಿಯ ಕನ್ನಡ ಸಂಘವೊಂದರ ಜಾಲತಾಣವನ್ನು ನೋಡಿಕೊಳ್ಳುವ ಹೊಣೆ ನನ್ನ ಪಾಲಿಗೆ ಬಂದಾಗ ಅದರ ಪ್ರತಿಯೊಂದು ಪುಟವೂ ಸಾಲು, ಅಂಕಣಗಳ ಕೋಷ್ಟಕಗಳಾದ ಟೇಬಲ್‌ಗಳಿಂದಲೇ ಕಟ್ಟಿದ್ದಾಗಿತ್ತು. ಇಡೀ ಪುಟಕ್ಕೆ ಒಂದು ಟೇಬಲ್, ಅದರ ಎಡ ಸೆಲ್ಲಿನೊಳಗೆ ಮೆನುವಿಗಾಗಿ ಮತ್ತೊಂದು, ನಡುವಿನ ಸೆಲ್ಲಿನೊಳಗೆ ಕಾರ್ಯಕ್ರಮಗಳ ವಿವರಕ್ಕಾಗಿ ಇನ್ನೊಂದು. ಅಂಕಣಗಳ ನಡುವೆ ಅಂತರ ಬೇಕಾದಲ್ಲೆಲ್ಲ ಒಂದು ಪಿಕ್ಸೆಲ್ಲಿನ, ಕಣ್ಣಿಗೆ ಕಾಣದ ಜಿಫ್ ಚಿತ್ರವನ್ನು ಹಿಗ್ಗಿಸಿ ಇಟ್ಟಿದ್ದರು. ಹಾಗೆ ಕಟ್ಟಿದವರನ್ನು ನಾನು ದೂರುವುದಿಲ್ಲ. ಪುಟದ ನೋಟ, ಜೋಡಣೆಗಳನ್ನು ವಿವರಿಸುವ ಭಾಷೆಯಾದ ಸಿಎಸ್‌ಎಸ್‌ನ ಮೊದಲ ಆವೃತ್ತಿ 1996ರ ಡಿಸೆಂಬರ್‌ನಲ್ಲೇ ಜಾಲದ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿಯ ಶಿಫಾರಸಾಗಿ ಹೊರಬಂದಿದ್ದರೂ ನೆಟ್‌ಸ್ಕೇಪ್ 4ರಂಥ ಬ್ರೌಸರ್‌ಗಳು ಅದನ್ನು ಅರೆಬರೆಯಾಗಿ ಮಾತ್ರ ಪಾಲಿಸುತ್ತಿದ್ದವು. ಎಲ್ಲ ಕಡೆಯೂ ಒಂದೇ ತೆರನಾಗಿ ಕಾಣುವ ಅಂಕಣಗಳು ಬೇಕೆಂದರೆ ಟೇಬಲ್ಲೇ ಗತಿಯಾಗಿತ್ತು. 1999ರ ಡಿಸೆಂಬರ್‌ನಲ್ಲಿ ಬಂದ, ಪುಟದ ಭಾಗಗಳನ್ನು ಟ್ಯಾಗ್ ಎಂಬ ಗುರುತುಗಳಿಂದ ಬರೆಯುವ ಭಾಷೆಯ ಆವೃತ್ತಿಯಾದ ಎಚ್‌ಟಿಎಂಎಲ್ 4.01, ಟೇಬಲ್ಲನ್ನು ಬರೀ ಪುಟವಿನ್ಯಾಸಕ್ಕಾಗಿ ಬಳಸಬಾರದೆಂದು ತಿಳಿಸಿದ ಮೇಲೂ ಆ ರೂಢಿ ಬಿಡಲು ವರ್ಷಗಳೇ ಹಿಡಿದವು.

ಟೇಬಲ್ ಬಿಡಬೇಕೆಂದು ನನಗೆ ಮನವರಿಕೆಯಾದದ್ದು ಪುಟವನ್ನು ಕಿವಿಯಿಂದ ಕೇಳಿದಾಗ. ಎನ್‌ವಿಡಿಎ ಎಂಬ, ಪರದೆಯ ಬರಹವನ್ನು ಓದಿ ಹೇಳುವ ಉಚಿತ ಸ್ಕ್ರೀನ್ ರೀಡರ್‌ನೊಂದಿಗೆ ಬರುವ ಇ-ಸ್ಪೀಕ್ ಧ್ವನಿಗೆ ಕನ್ನಡವೂ ಬರುತ್ತದೆ. ನಮ್ಮ ಮುಖಪುಟದ ಮೇಲಿನ ಸಾಲಿನಲ್ಲಿ ಮೂರು ಕಾರ್ಯಕ್ರಮಗಳ ಶೀರ್ಷಿಕೆಗಳು ಅಕ್ಕಪಕ್ಕದ ಸೆಲ್ಲುಗಳಲ್ಲಿಯೂ ಕೆಳಗಿನ ಸಾಲಿನಲ್ಲಿ ಅವುಗಳ ವಿವರಗಳೂ ಇದ್ದವು. ಕಣ್ಣಿಗೆ ಅದು ಅಚ್ಚುಕಟ್ಟಾಗಿತ್ತು. ಎನ್‌ವಿಡಿಎ ಮಾತ್ರ ಕಡತದಲ್ಲಿದ್ದ ಕ್ರಮದಲ್ಲೇ ಓದುತ್ತ, ಮೂರು ಶೀರ್ಷಿಕೆಗಳನ್ನು ಒಟ್ಟಿಗೆ ಹೇಳಿ ಮುಗಿಸಿ ಆಮೇಲೆ ಮೂರು ವಿವರಗಳನ್ನು ಹೇಳಿತು. ಯಾವ ವಿವರ ಯಾವ ಕಾರ್ಯಕ್ರಮದ್ದೆಂದು ಕೇಳುವವರಿಗೆ ತಿಳಿಯುವಂತಿರಲಿಲ್ಲ. ಟೇಬಲ್ ಸಾಲುಸಾಲಾಗಿ ಬರೆಯಬೇಕಾದ ವಸ್ತುವಾದ್ದರಿಂದ, ಅದರಲ್ಲಿ ವಿನ್ಯಾಸ ಮಾಡಹೊರಟರೆ ವಿಷಯವನ್ನೇ ತುಂಡರಿಸಿ ಸೆಲ್ಲುಗಳಿಗೆ ಹಂಚಬೇಕಾಗುತ್ತದೆ.

ಆದ್ದರಿಂದ ಕಲಿಕೆಯ ಮೊದಲ ಹೆಜ್ಜೆಯಲ್ಲಿ ನಾನು ಸಿಎಸ್‌ಎಸ್‌ನ ಒಂದು ಸಾಲನ್ನೂ ಬರೆಯಲಿಲ್ಲ. ಮುಖಪುಟದಿಂದ ಟೇಬಲ್, ಸಾಲು, ಸೆಲ್ಲುಗಳ ಟ್ಯಾಗ್‌ಗಳನ್ನೆಲ್ಲ ತೆಗೆದು, ಉಳಿದ ಬರಹವನ್ನು ಶೀರ್ಷಿಕೆ, ಪ್ಯಾರಾ, ಪಟ್ಟಿಗಳಾಗಿ ಗುರುತಿಸಿ, ಮೇಲಿನಿಂದ ಕೆಳಕ್ಕೆ ಒಂದೇ ಓಟದಲ್ಲಿ ಓದಿದರೆ ಅರ್ಥವಾಗುವವರೆಗೆ ಜೋಡಿಸುತ್ತ ಹೋದೆ. ಸಂಘದ ಹೆಸರು, ಮುಂದಿನ ಕಾರ್ಯಕ್ರಮ, ಆಮೇಲೆ ಇತರ ಸುದ್ದಿ, ಕೊನೆಗೆ ವಿಳಾಸ. ಇಷ್ಟು ಗಟ್ಟಿಯಾದ ಮೇಲೆ ಯಾವ ವಿನ್ಯಾಸ ಬಂದರೂ ಆ ಕಡತವನ್ನು ಮುಟ್ಟಬೇಕಾಗಿಲ್ಲ. ಜಾಲ ವಿನ್ಯಾಸಕ ಡೇವ್ ಶೇ 2003ರಲ್ಲಿ ತೆರೆದ ಜಾಲತಾಣ ಸಿಎಸ್‌ಎಸ್ ಝೆನ್ ಗಾರ್ಡನ್ ತೋರಿಸಿಕೊಟ್ಟದ್ದು ಇದನ್ನೇ: ಎಚ್‌ಟಿಎಂಎಲ್ ಒಂದೇ, ಸ್ಟೈಲ್‌ಶೀಟ್ (ಸಿಎಸ್‌ಎಸ್ ನಿಯಮಗಳ ಕಡತ) ಮಾತ್ರ ಬೇರೆ ಬೇರೆ, ಪ್ರತಿ ಸಲವೂ ಗುರುತೇ ಸಿಗದಷ್ಟು ಹೊಸ ಪುಟ. ಹೊಸಬರಿಗೆ ಇಂದಿಗೂ ನಾನು ಮೊದಲು ಅದನ್ನೇ ತೋರಿಸುತ್ತೇನೆ.

ಆ ದಿನಗಳಲ್ಲಿ ಅಂಕಣಗಳಿಗೆ ಇದ್ದ ಉಪಾಯ ಫ್ಲೋಟ್, ಅಂದರೆ ಪುಟದ ಒಂದು ಭಾಗವನ್ನು (ಸಿಎಸ್‌ಎಸ್‌ಗೆ ಅದೊಂದು ಪೆಟ್ಟಿಗೆ) ಎಡಕ್ಕೋ ಬಲಕ್ಕೋ ಸರಿಸುವುದು. ಚಿತ್ರದ ಪಕ್ಕದಲ್ಲಿ ಅಕ್ಷರ ಹರಿಯಲೆಂದು ಹುಟ್ಟಿದ ಗುಣವನ್ನು ಇಡೀ ಪುಟ ಹೊರಲು ಹಚ್ಚಿದ್ದರಿಂದ ತೊಡಕುಗಳು ಬಹಳ ಇದ್ದವು. ಇಂಟರ್ನೆಟ್ ಎಕ್ಸ್‌ಪ್ಲೋರರ್ 6, ಪೆಟ್ಟಿಗೆ ಯಾವ ಬದಿಗೆ ಫ್ಲೋಟ್ ಆಗಿದೆಯೋ ಆ ಬದಿಯ ಮಾರ್ಜಿನ್ನನ್ನು (ಹೊರ ಅಂತರವನ್ನು) ಇಮ್ಮಡಿಗೊಳಿಸುತ್ತಿತ್ತು, ಡಿಸ್‌ಪ್ಲೇ ಇನ್‌ಲೈನ್ ಎಂದು ಬರೆದರೆ ಸರಿಹೋಗುತ್ತಿತ್ತು. ಈಗ ಕಲಿಯುವವರಿಗೆ ಅದೆಲ್ಲ ಬೇಕಿಲ್ಲ. ಬೇಕಾದದ್ದು ಪೆಟ್ಟಿಗೆಯ ಲೆಕ್ಕ. ಅಗಲ 600 ಪಿಕ್ಸೆಲ್ ಎಂದು ಬರೆದು, ಎರಡೂ ಬದಿಗೆ 20 ಪಿಕ್ಸೆಲ್ ಪ್ಯಾಡಿಂಗ್ (ಒಳ ಅಂತರ), 1 ಪಿಕ್ಸೆಲ್ ಬಾರ್ಡರ್ (ಅಂಚುಗೆರೆ) ಕೊಟ್ಟರೆ ಆ ಪೆಟ್ಟಿಗೆ ಪರದೆಯ ಮೇಲೆ 642 ಪಿಕ್ಸೆಲ್ ಹಿಡಿಯುತ್ತದೆ. ಬಾಕ್ಸ್-ಸೈಸಿಂಗ್ ಗುಣಕ್ಕೆ ಬಾರ್ಡರ್-ಬಾಕ್ಸ್ ಎಂದು ಕೊಟ್ಟರೆ ಎಲ್ಲವೂ ಸೇರಿ 600ರಲ್ಲೇ ಅಡಗುತ್ತದೆ. ಪಕ್ಕದ ಅಂಕಣ ಏಕೆ ಕೆಳಗೆ ಜಾರಿತು ಎಂಬ ಪ್ರಶ್ನೆಗೆ ಫ್ಲೋಟ್ ಕಾಲದಲ್ಲಿ ಹೆಚ್ಚಿನ ಸಲ ಈ ಲೆಕ್ಕವೇ ಉತ್ತರವಾಗಿತ್ತು.

2017ರ ಮಾರ್ಚ್‌ನಲ್ಲಿ ಕ್ರೋಮ್, ಫೈರ್‌ಫಾಕ್ಸ್, ಸಫಾರಿ ಮೂರರಲ್ಲೂ, ಪುಟವನ್ನು ಸಾಲು, ಅಂಕಣಗಳಾಗಿ ಭಾಗಿಸುವ ಸಿಎಸ್‌ಎಸ್ ವಿಧಾನವಾದ ಗ್ರಿಡ್ ಬಂತು. ಟೇಬಲ್ಲಿನಲ್ಲಿ ನಮ್ಮವರು ಬಯಸಿದ್ದೆಲ್ಲ, ಸಮ ಎತ್ತರದ ಅಂಕಣಗಳೂ ಸೇರಿ, ವಿಷಯವನ್ನು ತುಂಡರಿಸದೆ ದೊರೆತದ್ದು ಅಂದಿನಿಂದ. ಮೆನುವಿನಂಥ ಒಂದೇ ಸಾಲಿನ ಜೋಡಣೆಗೆ ನಾನು ಫ್ಲೆಕ್ಸ್ ಎಂಬ ಇನ್ನೊಂದು ಸಿಎಸ್‌ಎಸ್ ವಿಧಾನವನ್ನು ಬಳಸುತ್ತೇನೆ. ಸಾಲು, ಅಂಕಣ ಎರಡೂ ಕೂಡಿದ ಇಡೀ ಪುಟಕ್ಕೆ ಗ್ರಿಡ್. ಅದರಲ್ಲಿ ನನಗೆ ಬಹಳ ಹಿಡಿಸಿದ್ದು ಪುಟದ ಭಾಗಗಳಿಗೆ ಹೆಸರಿಡುವ ಅನುಕೂಲ. ಸಿಎಸ್‌ಎಸ್‌ನಲ್ಲಿ ಈ ಹೆಸರುಗಳು ಕನ್ನಡ ಲಿಪಿಯಲ್ಲೇ ಇರಬಹುದು. ಕಡತವನ್ನು, ಎಲ್ಲ ಲಿಪಿಗಳನ್ನೂ ಹಿಡಿಯುವ ಅಕ್ಷರ ಸಂಕೇತವಾದ ಯುಟಿಎಫ್-8ರಲ್ಲಿ ಉಳಿಸಿದರೆ ಸಾಕು. ಗ್ರಿಡ್-ಟೆಂಪ್ಲೇಟ್-ಏರಿಯಾಸ್‌ನಲ್ಲಿ ಮೊದಲ ಸಾಲಿಗೆ "ಮೇಲೆ ಮೇಲೆ", ಎರಡನೆಯದಕ್ಕೆ "ಪಟ್ಟಿ ವಿಷಯ", ಮೂರನೆಯದಕ್ಕೆ "ಕೆಳಗೆ ಕೆಳಗೆ" ಎಂದು ಬರೆದಾಗ ಪುಟದ ನಕ್ಷೆ ಕಡತದಲ್ಲೇ ಕಣ್ಣಿಗೆ ಕಟ್ಟುತ್ತದೆ, ಸಂಘದ ಕಿರಿಯರಿಗೆ ವಿವರಿಸುವುದೂ ಸುಲಭವಾಗುತ್ತದೆ.

ಇಂಗ್ಲಿಷ್ ಪುಟಗಳಲ್ಲಿ ಅಪರೂಪಕ್ಕೆ ಎದುರಾಗುವ ಒಂದು ತೊಂದರೆ ಕನ್ನಡದಲ್ಲಿ ನಿತ್ಯದ್ದು. ವಿಭಕ್ತಿ, ಸಮಾಸಗಳು ಕೂಡಿಕೊಂಡು "ವಿದ್ಯಾರ್ಥಿವೇತನಕ್ಕಾಗಿ", "ಕಾರ್ಯಕಾರಿಸಮಿತಿಯವರೊಂದಿಗೆ" ಎಂಬಂಥ ಉದ್ದನೆಯ ಪದಗಳಾಗುತ್ತವೆ. ಗ್ರಿಡ್ ಅಂಕಣದ ಅಗಲ 1 ಎಫ್ಆರ್ (ಉಳಿದ ಜಾಗದ ಒಂದು ಪಾಲು) ಎಂದಿದ್ದರೆ ಬ್ರೌಸರ್ ಅದನ್ನು ಒಳಗಿನ ಅತಿ ಉದ್ದದ ಪದಕ್ಕಿಂತ ಕಿರಿದಾಗಲು ಬಿಡುವುದಿಲ್ಲ. ಪದ ಅಂಕಣವನ್ನು ಹಿಗ್ಗಿಸುತ್ತದೆ, ಫೋನಿನಲ್ಲಿ ಪುಟ ಅಡ್ಡಡ್ಡ ಸರಿಯತೊಡಗುತ್ತದೆ. ಅಗಲವನ್ನು, ಕನಿಷ್ಠ ಮತ್ತು ಗರಿಷ್ಠ ಅಳತೆ ಹೇಳುವ ಮಿನ್‌ಮ್ಯಾಕ್ಸ್‌ನಿಂದ ಸೊನ್ನೆ ಮತ್ತು 1 ಎಫ್ಆರ್ ಎಂದು ಕೊಟ್ಟಾಗ ಅಂಕಣ ತನ್ನ ಅಳತೆಯಲ್ಲೇ ನಿಲ್ಲುತ್ತದೆ. ಪದ ಎಲ್ಲಿ ಮುರಿಯಬೇಕೆಂಬುದನ್ನು ಬ್ರೌಸರ್‌ಗೆ ಬಿಡದೆ, ಶೀರ್ಷಿಕೆಗಳಲ್ಲಿ "ವಿದ್ಯಾರ್ಥಿ" ಆದಮೇಲೆ ಸಾಫ್ಟ್ ಹೈಫನ್ನನ್ನು (ಪದ ಅಲ್ಲಿ ಮುರಿದಾಗ ಮಾತ್ರ ಕಾಣುವ ಅಡ್ಡಗೆರೆಯನ್ನು) ನಾನೇ ಇಡುತ್ತೇನೆ. ಪದದ ಕೀಲು ಕನ್ನಡ ಬಲ್ಲವರಿಗೆ ಗೊತ್ತಿರುವಷ್ಟು ಯಂತ್ರಕ್ಕೆ ಗೊತ್ತಿಲ್ಲ.

ಸಾಲಿನ ಎತ್ತರಕ್ಕೂ ಇದೇ ಎಚ್ಚರ ಬೇಕು. "ರಾಷ್ಟ್ರೀಯ", "ಸ್ತ್ರೀ" ಮುಂತಾದ ಪದಗಳಲ್ಲಿ ಒತ್ತಕ್ಷರಗಳು ಕೆಳಕ್ಕಿಳಿಯುವುದರಿಂದ ಲೈನ್-ಹೈಟ್ 1.7ರ ಆಸುಪಾಸಿನಲ್ಲಿದ್ದರೆ ಓದು ಹಾಯಾಗಿರುತ್ತದೆ. ಮೆನುವಿನ ಪೆಟ್ಟಿಗೆಗೆ ಪಿಕ್ಸೆಲ್ಲಿನಲ್ಲಿ ಎತ್ತರ ಗೊತ್ತುಮಾಡಿದರೆ ಒತ್ತಕ್ಷರಗಳ ಪಾದ ಕತ್ತರಿಸಿಹೋಗಬಹುದು. ಮಿನ್-ಹೈಟ್ ಕೊಡುವುದು ಲೇಸು.

ಡೊಂಬಿವಲಿಯಿಂದ ಮುಂಬೈಯ ದಾದರಿಗೋ ಸಿಎಸ್‌ಎಂಟಿ ನಿಲ್ದಾಣಕ್ಕೋ ಹೋಗುವ ಲೋಕಲ್ ರೈಲಿನಲ್ಲಿ ನಿಂತುಕೊಂಡೇ ಫೋನಿನಲ್ಲಿ ಓದುವವರು ನಮ್ಮ ಸದಸ್ಯರಲ್ಲಿ ಹೆಚ್ಚು. ವಿಷಯದ ಕ್ರಮ ಮೊದಲೇ ಸರಿಯಾಗಿದ್ದುದರಿಂದ ಫೋನಿಗೆ ಬೇರೆ ವಿನ್ಯಾಸವೇ ಬೇಕಾಗಲಿಲ್ಲ: ಒಂದೇ ಅಂಕಣ ಮೂಲರೂಪವಾಗಿ ಉಳಿಯಿತು, ಪರದೆ 45 ಇಎಂಗಿಂತ (ಅಕ್ಷರದ ಗಾತ್ರವನ್ನು ಆಧರಿಸಿದ ಅಳತೆ) ಅಗಲವಾದಾಗ ಮಾತ್ರ, ಪರದೆಯ ಅಗಲ ನೋಡಿ ನಿಯಮ ಅನ್ವಯಿಸುವ ಮೀಡಿಯಾ ಕ್ವೆರಿ ಅದನ್ನು ಎರಡಾಗಿಸುತ್ತದೆ. ಆರ್ಡರ್ ಎಂಬ ಗುಣದಿಂದ ಭಾಗಗಳನ್ನು ಹಿಂದುಮುಂದು ಮಾಡುವುದನ್ನು ನಾನು ದೂರವಿಟ್ಟಿದ್ದೇನೆ. ಅದು ಬದಲಿಸುವುದು ನೋಟವನ್ನು ಮಾತ್ರ, ಟ್ಯಾಬ್ ಕೀಲಿ ಹಳೆಯ ಕ್ರಮದಲ್ಲೇ ನಡೆಯುತ್ತದೆ.

ಒಂದೇ ಒಂದು ಟೇಬಲ್ ಉಳಿಸಿಕೊಂಡಿದ್ದೇನೆ, ಅದು ಉಳಿಯಲೇಬೇಕಾದದ್ದು. ಯಕ್ಷಗಾನ, ತಾಳಮದ್ದಳೆ, ನಾಟಕಗಳ ವೇಳಾಪಟ್ಟಿಯಲ್ಲಿ ದಿನಾಂಕ, ಪ್ರಸಂಗ, ಸ್ಥಳ, ಇಳಿಯಬೇಕಾದ ನಿಲ್ದಾಣ ಎಂಬ ಅಂಕಣಗಳಿವೆ. ಮಾಟುಂಗಾದ ಮೈಸೂರು ಅಸೋಸಿಯೇಷನ್ನಿನಲ್ಲಿ ಏನಿದೆ, ಮಾಹಿಮಿನ ಕರ್ನಾಟಕ ಸಂಘದಲ್ಲಿ ಏನಿದೆ ಎಂದು ಅಡ್ಡಕ್ಕೂ ಉದ್ದಕ್ಕೂ ಹೋಲಿಸಿ ನೋಡುವ ಮಾಹಿತಿ ಇದು. ಇದಕ್ಕೆ ಕ್ಯಾಪ್ಷನ್ ಇದೆ, ಪ್ರತಿ ಅಂಕಣದ ತಲೆಗೆ ಸ್ಕೋಪ್ (ಅದು ಯಾವ ಸೆಲ್ಲುಗಳ ತಲೆ ಎಂಬ ಸೂಚನೆ) ಸಹಿತವಾದ ಟಿಎಚ್ ಟ್ಯಾಗ್ ಇದೆ. ಹಾಗಾಗಿ ಸ್ಕ್ರೀನ್ ರೀಡರ್ ಒಂದು ಸೆಲ್ಲಿನಿಂದ ಮತ್ತೊಂದಕ್ಕೆ ಸರಿಯುವಾಗ ಅದು ಯಾವ ಅಂಕಣದ್ದೆಂದು ಹೇಳಬಲ್ಲದು. ಸೂಚನಾ ಫಲಕಕ್ಕೆ ಅಂಟಿಸಲು ಹಿರಿಯ ಸದಸ್ಯರು ಇದನ್ನು ಮುದ್ರಿಸಿಕೊಳ್ಳುವುದರಿಂದ ಮುದ್ರಣಕ್ಕೆಂದೇ ಪ್ರತ್ಯೇಕ ಸ್ಟೈಲ್ ಬರೆದು ಮೆನುವನ್ನೂ ಪಕ್ಕದ ಪಟ್ಟಿಯನ್ನೂ ಮರೆಮಾಡಿದ್ದೇನೆ. ತಲೆಸಾಲನ್ನು ಟಿಹೆಡ್ ಟ್ಯಾಗ್‌ನಲ್ಲಿ ಇಟ್ಟಿರುವುದರಿಂದ ಪಟ್ಟಿ ಎರಡನೆಯ ಹಾಳೆಗೆ ಹರಿದಾಗ ಬ್ರೌಸರ್ ಅಂಕಣಗಳ ಹೆಸರುಗಳನ್ನು ಅಲ್ಲಿಯೂ ಮೇಲೆ ಮುದ್ರಿಸುತ್ತದೆ.