60 ಲೀಟರ್ ಹಾಲು ಮಾರಿದರೆ ನನಗೆ ಉಳಿಯೋದು 5

ಮನೆ ಮನೆಗೆ ಹಾಲು ಹಾಕಲು ಶುರು ಮಾಡಿದ ಮೊದಲ ವರ್ಷ ಜೇಬಿನಲ್ಲಿ ದಿನಾ ದುಡ್ಡು ಓಡಾಡುತ್ತಿತ್ತು. ತಿಂಗಳ ಕೊನೆಗೆ ನೋಡಿದರೆ ಕೈ ಖಾಲಿ. ಎಲ್ಲಿ ಸೋರುತ್ತಿದೆ ಅಂತ ಗೊತ್ತಾಗದೆ, ಒಂದು ರಾತ್ರಿ ಕೂತು ಇಡೀ ಲೆಕ್ಕವನ್ನು ಲೀಟರಿನಲ್ಲೇ ಹಾಕಿದೆ.

ಹಸು ಸಾಕಿದ 14 ಮನೆಗಳಿಂದ ದಿನಕ್ಕೆ 60 ಲೀಟರ್ ತರುತ್ತಿದ್ದೆ. ಮಾರಿ ಬಂದದ್ದರಲ್ಲಿ 48 ಲೀಟರಿನ ದುಡ್ಡು ಅವರದೇ. ಬೈಕಿನ ಪೆಟ್ರೋಲಿಗೆ 4 ಲೀಟರಿನ ದುಡ್ಡು. ಟೈರು, ರಿಪೇರಿ, ಕ್ಯಾನು ತೊಳೆಯುವ ಸೋಪು ಸೇರಿ 1. ಅಳತೆ ಮೇಲೆ ಹಾಕುವ ಕೊಸರು, ಅಲ್ಲಿ ಇಲ್ಲಿ ಚೆಲ್ಲಿದ್ದು 1. ವಾಪಸ್ ಬಾರದ ಉದ್ರಿ 1. ಉಳಿದದ್ದು 5. ನಸುಕಿಗೆ ಎದ್ದು ಓಡಾಡಿದ ಕೂಲಿಯೂ ಅದೇ, ಲಾಭವೂ ಅದೇ.

ಇಷ್ಟರ ಮೇಲೂ ಈ ವ್ಯಾಪಾರ ನಿಂತಿರೋದು ಯಾಕೆ ಅಂದರೆ, ಪ್ಯಾಕೆಟ್ ಹಾಲಿನವರಿಗಿರುವ ತಣ್ಣಗೆ ಮಾಡುವ, ಕಾಯಿಸುವ, ಪ್ಯಾಕ್ ಮಾಡುವ ಖರ್ಚು ನನಗಿಲ್ಲ. ಆ ಉಳಿತಾಯದಲ್ಲಿ ಹಸು ಸಾಕಿದವರಿಗೆ ಸ್ವಲ್ಪ ಜಾಸ್ತಿ ಕೊಡಬಹುದು, ಗಿರಾಕಿಗೆ ಸ್ವಲ್ಪ ಕಮ್ಮಿಗೆ ಹಾಕಬಹುದು. ಕಾಯಿಸುವ ಕೆಲಸ ಗಿರಾಕಿಯ ಒಲೆಯದು.

ಆದರೆ ತಣ್ಣಗೆ ಮಾಡದ ಹಾಲಿಗೆ ಗಡಿಯಾರ ಕಟ್ಟಿರುತ್ತದೆ. ಕರೆದ ಮೇಲೆ ಎರಡು ಮೂರು ಗಂಟೆ ಹಾಲು ತನ್ನನ್ನು ತಾನೇ ಕಾಪಾಡಿಕೊಳ್ಳುತ್ತದೆ. ಆಮೇಲೆ ಬಿಸಿಲಿನ ದಿನವಾದರೆ ಬ್ಯಾಕ್ಟೀರಿಯಾ ಅರ್ಧ ಗಂಟೆಗೆಲ್ಲ ದುಪ್ಪಟ್ಟಾಗಬಲ್ಲದು. ಒಮ್ಮೆ ಒಂದು ಮನೆಯವರು ಹಿಂದಿನ ಸಂಜೆಯ ಹಾಲನ್ನು ಬೆಳಗಿನದಕ್ಕೆ ಸೇರಿಸಿ ಕೊಟ್ಟಿದ್ದರು. ನೋಡದೆ ಕ್ಯಾನಿಗೆ ಸುರಿದೆ. ಅವರದು 3 ಲೀಟರ್, ಒಡೆದದ್ದು 20. ಅಂದರೆ ನನ್ನ ನಾಲ್ಕು ದಿನದ ದುಡಿಮೆ!

ಅವತ್ತಿಂದ ಒಂದು ಚಿಕ್ಕ ಸ್ಟವ್, ಒಂದು ಸ್ಟೀಲ್ ಚಮಚ ಜೊತೆಗಿಟ್ಟುಕೊಂಡೆ. ಅನುಮಾನ ಬಂದ ಹಾಲನ್ನು ಚಮಚದಲ್ಲಿ ಹಿಡಿದು ಕುದಿಸುತ್ತೇನೆ. ಚಮಚ ಓರೆ ಮಾಡಿದಾಗ ಅಂಚಿಗೆ ಸಣ್ಣ ಸಣ್ಣ ಕಾಳು ಅಂಟಿಕೊಂಡರೆ ಆ ಹಾಲು ಕ್ಯಾನಿಗೆ ಹೋಗೋದಿಲ್ಲ. ಪ್ಲಾಸ್ಟಿಕ್ ಕ್ಯಾನನ್ನೂ ಬಿಟ್ಟೆ. ಒಳಗೆ ಗೀರು ಬಿದ್ದರೆ ಎಷ್ಟು ಉಜ್ಜಿದರೂ ಹುಳಿ ವಾಸನೆ ಹೋಗುತ್ತಿರಲಿಲ್ಲ. ಅಗಲ ಬಾಯಿಯ ಅಲ್ಯೂಮಿನಿಯಂ ಕ್ಯಾನು ದುಬಾರಿ, ಭಾರ ಬೇರೆ. ಆದರೆ ಕೈ ಒಳಗೆ ಹೋಗುತ್ತದೆ, ತಳ ಕಾಣುತ್ತದೆ. ಕೀನ್ಯಾದಲ್ಲಿ ಹಾಲಿನ ಹೆಚ್ಚಿನ ಪಾಲು ನಮ್ಮಂಥವರ ಕೈಯಲ್ಲೇ ಮಾರಾಟವಾಗುತ್ತದೆ. ಮೊದಲು ಅಲ್ಲಿನ ಅಧಿಕಾರಿಗಳು ಇವರನ್ನು ಓಡಿಸುತ್ತಿದ್ದರು. 2004ರ ಸುಮಾರಿಗೆ ತರಬೇತಿ ಕೊಟ್ಟು ಲೈಸೆನ್ಸ್ ಕೊಡುವ ದಾರಿಗೆ ಬಂದರು. ಆ ತರಬೇತಿಯಲ್ಲೂ ಇಂಥ ಕ್ಯಾನು, ಇಂಥ ಪರೀಕ್ಷೆಗಳೇ ಇದ್ದವು.

ನೀರಿನ ವಿಷಯ ಮುಚ್ಚಿಡೋದು ಬೇಡ. 60 ಲೀಟರಿಗೆ 6 ಲೀಟರ್ ನೀರು ಸೇರಿಸಿದರೆ ನನಗೆ ಉಳಿಯೋದು 5ರಿಂದ 11 ಆಗುತ್ತದೆ. ಒಂದು ಬಿಂದಿಗೆ ನೀರೂ ಬೇಡ! ಯಾಕೆ ಬೆರೆಸುತ್ತಾರೆ ಅಂತ ಇನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ನಾನು ಬೆರೆಸದೆ ಇದ್ದದ್ದಕ್ಕೆ ದೇವರ ಭಯಕ್ಕಿಂತ ವರ್ತನೆ ಮನೆಗಳ, ಅಂದರೆ ದಿನಾ ತಪ್ಪದೆ ಹಾಲು ಹಾಕಿಸಿಕೊಳ್ಳುವ ಮನೆಗಳ ಭಯವೇ ಜಾಸ್ತಿ. ಕೆನೆ ತೆಳುವಾದರೆ ಅವರಿಗೆ ಅದೇ ದಿನ ಗೊತ್ತಾಗುತ್ತದೆ. ಬಿಟ್ಟುಹೋದ ಮನೆಯ ಜಾಗಕ್ಕೆ ಅದೇ ಬೀದಿಯಲ್ಲಿ ಇನ್ನೊಂದು ಸಿಗದಿದ್ದರೆ ಪೆಟ್ರೋಲಿನ ಲೆಕ್ಕ ಕೆಡುತ್ತದೆ.

ತರುವ ಕಡೆ ಲ್ಯಾಕ್ಟೋಮೀಟರ್, ಅಂದರೆ ಹಾಲಿನಲ್ಲಿ ತೇಲಿಬಿಟ್ಟು ಗಟ್ಟಿತನ ನೋಡುವ ಕಡ್ಡಿ, ಹಾಕುತ್ತೇನೆ. ಹಸುವಿನ ಒಳ್ಳೆ ಹಾಲಿಗೆ 28ರಿಂದ 32 ಬರಬೇಕು. ಶುರುವಿನಲ್ಲಿ ಒಬ್ಬ ಅಜ್ಜಿಯ ಆಗಷ್ಟೇ ಕರೆದ ಬೆಚ್ಚಗಿನ ಹಾಲಿಗೆ ಅದ್ದಿ, 26 ಬಂತು ಅಂತ ಮುಖ ಸಿಂಡರಿಸಿದ್ದೆ. "ಕಡ್ಡಿ ನೋಡ್ತೀಯೋ, ನನ್ನ ಮುಖ ನೋಡ್ತೀಯೋ ಮಗಾ?" ಅಂದರು. ಹಾಲು ಆರಿದ ಮೇಲೆ 29 ಬಂತು. ತಪ್ಪು ನನ್ನದೇ. ಇನ್ನೊಂದು ಕಡೆ, ಕೆನೆ ತೆಗೆದು ನೀರು ಬೆರೆಸಿದ ಹಾಲು ಸುಮ್ನೆ 30 ತೋರಿಸಿಬಿಡುತ್ತದೆ. ಕೆನೆ ಹೋದರೆ ಕಡ್ಡಿ ಏರುತ್ತದೆ, ನೀರು ಬಿದ್ದರೆ ಇಳಿಯುತ್ತದೆ. ಅಂಥ ಹಾಲನ್ನು ನಾಲಿಗೆಯೇ ಹಿಡಿಯಬೇಕು.

ಹಸಿ ಮೇವಿನ ತಿಂಗಳಲ್ಲಿ ಎಲ್ಲರ ಕೊಟ್ಟಿಗೆಯಲ್ಲೂ ಹಾಲು, ಕೊಳ್ಳುವವರು ಮಾತ್ರ ಅಷ್ಟೇ. ಆಗ ಬೇಡ ಅಂದರೆ ಬೇಸಿಗೆಯಲ್ಲಿ ಅವರು ನನಗೆ ಬೇಡ ಅನ್ನುತ್ತಾರೆ. ಹಾಗಾಗಿ ಎಲ್ಲವನ್ನೂ ತಂದು, ಮಿಕ್ಕಿದ್ದನ್ನು ಮೊಸರು, ತುಪ್ಪ ಮಾಡಿ ಸ್ವಲ್ಪ ನಷ್ಟಕ್ಕೇ ಮಾರುತ್ತೇನೆ.

ನನ್ನನ್ನು ನಿಜಕ್ಕೂ ಹಿಂಡಿದ್ದು ದುಡ್ಡು ಕೈಸೇರುವ ದಿನ. ಹಸು ಸಾಕಿದವರಿಗೆ ಹತ್ತು ದಿನಕ್ಕೊಮ್ಮೆ ಕೊಡಬೇಕು, ಹಿಂಡಿ ತರಬೇಕಲ್ಲ. ವರ್ತನೆ ಮನೆಯವರು ಕೊಡೋದು ತಿಂಗಳಿಗೊಮ್ಮೆ. ಅಂದರೆ 20 ದಿನದ ಹಾಲಿನ ದುಡ್ಡು, 960 ಲೀಟರಿನದು, ನನ್ನ ಜೇಬಿನಿಂದ ಹೋಗಿರಬೇಕು. ದಿನಕ್ಕೆ 5 ಲೀಟರ್ ಉಳಿಸುವವನಿಗೆ ಅದು ಆರು ತಿಂಗಳಿಗೂ ಮೀರಿದ ದುಡಿಮೆ. ಸಾಲ ತಂದೇ ನಡೆಸಿದೆ. ಬಡ್ಡಿಯನ್ನು ಮೊದಲ ಲೆಕ್ಕದಲ್ಲಿ ಬರೆದೇ ಇರಲಿಲ್ಲ.

ಕೊನೆಗೆ ವರ್ತನೆ ಮನೆಗಳಲ್ಲಿ 15ನೇ ತಾರೀಕಿಗೆ ಅರ್ಧ ಕೊಡಿ ಅಂತ ಕೇಳಿದೆ. ಸಂಬಳದವರು ಆಗೋದಿಲ್ಲ ಅಂದರು. ದಿನಗೂಲಿಯವರು, ಚಿಕ್ಕ ಅಂಗಡಿಯವರು ಒಪ್ಪಿದರು. ಒಬ್ಬ ಅಕ್ಕ ನಕ್ಕು, "ದಿನಾ ಕೊಟ್ಟುಬಿಡ್ತೀನಿ ಕಣಣ್ಣಾ, ತಿಂಗಳಿಗೊಮ್ಮೆ ಅಷ್ಟೊಂದು ಎಲ್ಲಿಂದ ತರಲಿ?" ಅಂದರು. ಈಗ ಅರ್ಧದಷ್ಟು ಹಾಲಿನ ದುಡ್ಡು ಹೀಗೆ ಬೇಗ ಕೈಸೇರುತ್ತಿದೆ, ತಂದ ಸಾಲದಲ್ಲಿ ಇನ್ನು ಮೂರು ಕಂತು ಬಾಕಿ.