ನಾರ್ವೆಯ ಸಿನಿಮಾವನ್ನು ಕನ್ನಡದಲ್ಲಿ ಓದಿ ಹೇಳುವ ಬಗೆ

ಧಾರವಾಡದ ಮಾಳಮಡ್ಡಿಯ ನಮ್ಮ ಪಡಸಾಲೆಗೆ ಸಿನಿಮಾ ನೋಡಲು ಬರುವ ಅಜ್ಜಿಯರಿಗೂ ಕಾಕೂಗಳಿಗೂ ಇಂಗ್ಲಿಷ್ ಅಡಿಬರಹ ಓದಲು ಬರುವುದಿಲ್ಲ. ಅದಕ್ಕಾಗಿ ಅವರಿಗೆ ಒಳ್ಳೆಯ ಸಿನಿಮಾ ತಪ್ಪಬೇಕೇ? ನಾನು ಹಿಂದೆ ಕುಳಿತು ಕನ್ನಡದಲ್ಲಿ ಓದಿ ಹೇಳುತ್ತೇನೆ. ನಿಮ್ಮ ಓಣಿಯಲ್ಲೂ ಇದು ಸಾಧ್ಯ. ಜರ್ಮನ್ ಸೈನಿಕನಿಗೆ ಮನಸೋತ ನಾರ್ವೆಯ ಹುಡುಗಿಯ ಕಥೆಯಾದರೆ ತಯಾರಿ ಸ್ವಲ್ಪ ಹೆಚ್ಚು ಬೇಕು.

ಮೊದಲು ಒಬ್ಬರೇ ನೋಡಿ. ಮಾತುಗಳನ್ನು ಕನ್ನಡದಲ್ಲಿ ನೋಟ್‌ಬುಕ್ಕಿಗೆ ಇಳಿಸಿ, ಅಂಚಿನಲ್ಲಿ ನಿಮಿಷ ಗುರುತು ಹಾಕಿ. ಪ್ರೇಮಿಗಳು ಎಲ್ಲಿಯವರೆಗೆ ಬಹುವಚನದಲ್ಲಿ ಮಾತಾಡುತ್ತಾರೆ, ಯಾವಾಗ ಏಕವಚನಕ್ಕೆ ಬರುತ್ತಾರೆ ಎಂಬುದನ್ನು ಆಗಲೇ ನಿರ್ಧರಿಸಿ. ಇಂಗ್ಲಿಷ್ ಅಡಿಬರಹ ಅದನ್ನು ತೋರಿಸುವುದಿಲ್ಲ. ಸೈನಿಕನು ಜರ್ಮನ್‌ನಲ್ಲಿ ಮಾತಾಡಿದ ಕಡೆ 'ಜ' ಎಂದು ಬರೆದುಕೊಳ್ಳಿ. ಹುಡುಗಿಗೆ ಅದು ಅರ್ಥವಾಗದೆ ನಿಂತಿದ್ದರೆ ಪ್ರೇಕ್ಷಕರಿಗೂ ಆ ವಿಷಯ ತಿಳಿಯಬೇಕು.

ಸಿನಿಮಾಕ್ಕೆ ಮೊದಲು ಐದೇ ನಿಮಿಷ ಮಾತಾಡಿ. 1940ರ ಏಪ್ರಿಲ್ 9ರಂದು ಜರ್ಮನಿ ನಾರ್ವೆಯ ಮೇಲೆ ದಾಳಿ ಮಾಡಿತು. ಜೂನ್‌ನಲ್ಲಿ ದೊರೆ ಬ್ರಿಟನ್‌ಗೆ ಹೊರಟುಹೋದನು. 1945ರ ಮೇ 8ರವರೆಗೆ ದೇಶ ಪರರ ಕೈಯಲ್ಲಿತ್ತು. ಇಷ್ಟು ಸಾಕು. ಆದರೆ ಕಣ್ಣಿಗೆ ಬೀಳುವ ಸಣ್ಣ ಸಂಗತಿಗಳನ್ನು ಬಿಡಬೇಡಿ. ಕಿಟಕಿಗಳಿಗೆ ಕಪ್ಪು ಪರದೆ ಹಾಕಿರುವುದು ವಿಮಾನದಾಳಿಯ ಭಯದಿಂದ. ಕೋಟಿನ ಕಾಲರಿಗೆ ಕಾಗದದ ಕ್ಲಿಪ್ ಸಿಕ್ಕಿಸಿಕೊಂಡವರು ಜರ್ಮನರಿಗೆ ಮೌನವಾಗಿ ವಿರೋಧ ಸೂಚಿಸುತ್ತಿದ್ದರು. ಅಂಥ ಕಾಲರಿನ ಅಣ್ಣನೊಬ್ಬ ಅದೇ ಮನೆಯಲ್ಲಿದ್ದರೆ ಆ ಹುಡುಗಿಯ ಪಾಡೇನು ಎಂಬುದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಉತ್ತರ ನಾರ್ವೆಯಲ್ಲಿ ಬೇಸಿಗೆಯ ನಡುರಾತ್ರಿಯೂ ಸೂರ್ಯ ಮುಳುಗುವುದಿಲ್ಲ. ಇದನ್ನು ಹೇಳದಿದ್ದರೆ, ಕದ್ದು ಭೇಟಿಯಾಗುವವರು ಹಾಡುಹಗಲೇ ಯಾಕೆ ತಿರುಗುತ್ತಿದ್ದಾರೆ ಎಂಬ ಪ್ರಶ್ನೆ ಬಂದೇ ಬರುತ್ತದೆ.

ಓದುವಾಗ ಪಾತ್ರದ ಮಾತು ಶುರುವಾದ ಮೇಲೆ ನಿಮ್ಮದು ಶುರುವಾಗಲಿ. ಅವರ ದನಿ ಕೇಳಿಸಬೇಕು. ಟಿವಿಯ ಸದ್ದು ಪೂರ್ತಿ ಇಳಿಸಬೇಡಿ. ನಟಿಸಬೇಡಿ, ಅಳು ಬೆರೆಸಬೇಡಿ. ಉದ್ದದ ಮಾತನ್ನು ಅರ್ಧಕ್ಕೆ ಇಳಿಸಿದರೂ ನಡೆಯುತ್ತದೆ, ಪತ್ರ ಓದುವ ದೃಶ್ಯದಲ್ಲಿ ಮಾತ್ರ ಒಂದು ಪದವನ್ನೂ ಬಿಡಬಾರದು. ಅವರಿಬ್ಬರೂ ಸುಮ್ಮನಿದ್ದಾಗ ನೀವೂ ಸುಮ್ಮನಿರಿ. "ಈಗ ಅವಳು ಅಂಜಿದ್ದಾಳೆ" ಎಂದು ವಿವರಿಸುವ ಆಸೆಯನ್ನು ತಡೆದುಕೊಳ್ಳಿ, ಅಜ್ಜಿಯರು ಮುಖ ಓದುವುದರಲ್ಲಿ ನಮಗಿಂತ ಜಾಣರು. ಗಿರ್ಮಿಟ್ ಕೊಡುವುದಿದ್ದರೆ ಸಿನಿಮಾ ಮುಗಿದ ಮೇಲೆ ಕೊಡಿ. ಮನೆ ಬಿಟ್ಟು ಸಭಾಭವನದಲ್ಲಿ ತೋರಿಸುವುದಾದರೆ ಹಕ್ಕುದಾರರ ಅನುಮತಿ ಪಡೆಯಿರಿ.

ಯುದ್ಧ ಮುಗಿದ ಮೇಲೆ ಏನಾಯಿತು ಎಂಬುದನ್ನು ಮೊದಲೇ ಹೇಳಬೇಡಿ. ದೀಪ ಹಾಕಿದೊಡನೆ ಯಾರಾದರೂ "ದೇಶಕ್ಕೆ ದ್ರೋಹ ಬಗೆದಳಲ್ಲ" ಎನ್ನುತ್ತಾರೆ. ಅವರ ಮಾತು ಪೂರ್ತಿಯಾಗಲಿ. ಆಮೇಲೆ ತಿಳಿಸಿ: ಇಂಥ ಹೆಂಗಸರ ತಲೆ ಬೋಳಿಸಿದರು, ಸಾವಿರಾರು ಜನರನ್ನು ವಿಚಾರಣೆಯಿಲ್ಲದೆ ಕೂಡಿಹಾಕಿದರು. ಜರ್ಮನರನ್ನು ಮದುವೆಯಾದವರ ಪೌರತ್ವ ಕಿತ್ತುಕೊಂಡು ಜರ್ಮನಿಗೆ ಕಳುಹಿಸಿದರು. ಅಂಥ ಸಂಬಂಧಗಳಿಂದ ಹುಟ್ಟಿದ ಸುಮಾರು 10ರಿಂದ 12 ಸಾವಿರ ಮಕ್ಕಳಲ್ಲಿ ಅನೇಕರು ಹೀಯಾಳಿಕೆ ಕೇಳುತ್ತಲೇ ಬೆಳೆದರು. ಆ ಹೆಂಗಸರನ್ನು ನಡೆಸಿಕೊಂಡ ರೀತಿಗೆ ನಾರ್ವೆ ಸರ್ಕಾರ ಕ್ಷಮೆ ಕೇಳಿದ್ದು 2018ರಲ್ಲಿ. ಇಷ್ಟು ಹೇಳಿ, ಮೊದಲು ತೀರ್ಪು ಕೊಟ್ಟವರಿಗೇ ಮತ್ತೆ ಮಾತಾಡಲು ಅವಕಾಶ ಕೊಡಿ.